ನಾಲ್ಕನೆಯ ರೀಲಿನ ತುಟಿಮಾತು

ಜನವರಿ 11, 1928

ಅಕ್ಕಾ,

ಈ ಕಾಗದವನ್ನು ಪ್ರೆಸ್ಸಿನಲ್ಲಿ ನಿಂತು ಓದಬೇಡ, ಮಹಡಿ ಹತ್ತಿ ನಿನ್ನ ಕೋಣೆಗೆ ಹೋಗಿ ಓದು. ನಿನಗೆ ಕಿವಿ ಕೇಳುವುದಿಲ್ಲ ನಿಜ, ಆದರೆ ನಿನ್ನ ಮುಖ ಡಂಗುರ ಹೊಡೆಯುತ್ತದೆ. ಏನು ಓದಿದೆ ಎಂದು ಫೋರ್‌ಮನ್‌ಗೆ ಅಲ್ಲೇ ಗೊತ್ತಾಗಿಬಿಡುತ್ತದೆ.

ನಿನ್ನೆಗೆ ನಮ್ಮ ಸಿನಿಮಾದ ನಾಲ್ಕನೆಯ ರೀಲು ಮುಗಿಯಿತು. ಕಥೆ ಹಿಂದೆಯೇ ಬರೆದಿದ್ದೆ. ನಾನು ಹೂ ಮಾರುವ ಹುಡುಗಿ. ಜಡ್ಜ್ ಸಾಹೇಬರ ಮಗ ನನಗೆ ಮಾತು ಕೊಟ್ಟು ಹಡಗು ಹತ್ತುತ್ತಾನೆ, ಅವನ ಕಾಗದಗಳನ್ನು ಅವನ ತಾಯಿ ಸುಟ್ಟುಹಾಕುತ್ತಾಳೆ. ನಾನು ಕೂಸನ್ನು ಹೆತ್ತು, ಸೇತುವೆಯ ಮೇಲೆ ಸುರಿವ ಮಳೆಯಲ್ಲಿ ಗೆಳತಿಯ ಕೈಗೆ ಕೊಟ್ಟು, ಐದನೆಯ ರೀಲಿನಲ್ಲಿ ಸಾಯುತ್ತೇನೆ. ಅವನು ಎಲ್ಲ ಮುಗಿದ ಮೇಲೆ ಓಡಿಬರುತ್ತಾನೆ. "ನೋಡೋರ ಕರ್ಚೀಫು ಹಿಂಡಿದ್ರೆ ನೀರು ಬೀಳ್ಬೇಕು" ಎಂದು ಡೈರೆಕ್ಟರ್ ದಿನಾ ಹೇಳುತ್ತಾರೆ.

ಸೇತುವೆ ಎಂದರೆ ನಾಲ್ಕು ಹಲಗೆ. ಮಳೆ ಎಂದರೆ ಮೇಲಿನಿಂದ ಬಿಡುವ ಪೈಪಿನ ನೀರು. ಮುಖಕ್ಕೆ ಹಳದಿ ಬಣ್ಣ, ತುಟಿಗೆ ಕಡುಗೆಂಪು. ತೆರೆಯ ಮೇಲೆ ಆ ತುಟಿ ಕಪ್ಪಗೆ ಎದ್ದು ಕಾಣುತ್ತದೆ. ದನಿ ಹೇಗೂ ಕೇಳುವುದಿಲ್ಲವಲ್ಲ, ಏನು ಮಾತಾಡಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ. "ಏನಾದ್ರೂ ಅಂತಿರಿ, ಮುಖ ಮಾತ್ರ ಅಳ್ತಿರಲಿ" ಎನ್ನುತ್ತಾರೆ. ಹಾಗಾಗಿ ಎಲ್ಲರೂ ಬಾಯಿಗೆ ಬಂದದ್ದು ಹೇಳುತ್ತಾರೆ. ನಮ್ಮ ಹೀರೋ ಮೊನ್ನೆ ನನ್ನ ಕೈ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಈ ಬೂಟು ಕಚ್ಚಿ ಕಚ್ಚಿ ಸಾಯಿಸ್ತಿದೆ ಕಣ್ರೀ" ಅಂದ. ಜನ ಅದನ್ನು ಪ್ರೇಮ ಎಂದುಕೊಳ್ಳುತ್ತಾರೆ. ನೀನೊಬ್ಬಳು ನಗುತ್ತೀಯ.

ಆದರೆ ಸೇತುವೆಯ ಮೇಲೆ ನಾನು ಬಾಯಿಗೆ ಬಂದದ್ದು ಹೇಳಲಿಲ್ಲ ಅಕ್ಕಾ. ನಿನಗೆ ಹೇಳಬೇಕಾದ್ದನ್ನು ಹೇಳಿದೆ. ಜ್ವರ ನಿನ್ನ ಕಿವಿ ತೆಗೆದುಕೊಂಡು ಹೋದ ಮೇಲೆ ನಾವಿಬ್ಬರೂ ದನಿಯಿಲ್ಲದೆ ಬಾಯಿ ಆಡಿಸಿ ಮಾತಾಡಿಕೊಳ್ಳುತ್ತಿದ್ದೆವಲ್ಲ, ಅಪ್ಪ ಬೈಯುತ್ತಿದ್ದರೆ ನಾನು ಅವರ ಬೆನ್ನ ಹಿಂದೆ ನಿಂತು ನಿನ್ನನ್ನು ನಗಿಸುತ್ತಿದ್ದೆನಲ್ಲ, ಆ ನಮ್ಮ ತುಟಿಮಾತಿನಲ್ಲೇ ಹೇಳಿದೆ. ನಾನು ನಿಜವನ್ನೆಲ್ಲ ಹೇಳಿದ್ದು ಆ ಭಾಷೆಯಲ್ಲೇ. ಮದುವೆಯಾಗುತ್ತೇನೆ ಎಂದದ್ದು, ನನ್ನವರು ತೀರಿಕೊಂಡಾಗ ಬದುಕುವುದು ಬೇಡ ಎಂದದ್ದು, ಮೂರು ವರ್ಷದ ಗುಬ್ಬಿಯನ್ನು ನಿನ್ನ ಮಡಿಲಿಗೆ ಹಾಕಿ "ಮನೆ ಅಂತ ಒಂದು ಮಾಡಿದ ಮೇಲೆ ಬಂದು ಕರ್ಕೊಂಡು ಹೋಗ್ತೀನಿ" ಎಂದದ್ದು, ಎಲ್ಲವೂ. ಈಗಿನದನ್ನೂ ಶಾಯಿಯಲ್ಲಿ ಬರೆಯಲು ಕೈ ಬರುತ್ತಿಲ್ಲ.

ಸಿನಿಮಾ ನಿಮ್ಮೂರಿಗೆ ಬಂದಾಗ ನಾಲ್ಕನೆಯ ರೀಲಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತುಕೋ. ಮಧ್ಯೆ ಮಧ್ಯೆ ಬರುವ ಅಕ್ಷರದ ಕಾರ್ಡು ಓದುವ ಗೋಜಿಗೆ ಹೋಗಬೇಡ. ಅವು ಕಣ್ಣಿದ್ದೂ ಕಾಣದವರಿಗೆ. ನೀನು ನನ್ನ ಬಾಯಿ ನೋಡು.

ಪೈಪಿನ ಮಳೆಯಲ್ಲಿ ನೆನೆದು ಸ್ವಲ್ಪ ನೆಗಡಿಯಾಗಿದೆ. ಮತ್ತೇನಿಲ್ಲ.

ನಿನ್ನ ತಂಗಿ


ಜನವರಿ 29, 1928

ತಂಗೀ,

ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನೀನು ಯಾವಾಗ ಬಿಡುತ್ತೀಯ? ಹೇಳುವುದಿದ್ದರೆ ಬರೆ, ಇಲ್ಲದಿದ್ದರೆ ಸುಮ್ಮನಿರು. ಹೇಳುವುದಿದೆ, ಆದರೆ ಹೇಳುವುದಿಲ್ಲ, ಸಿನಿಮಾ ನೋಡು ಎಂದರೆ ನಾನು ಅಲ್ಲಿಯ ತನಕ ಅನ್ನ ನುಂಗುವುದು ಹೇಗೆ? ಆ ಡಬ್ಬ ನಮ್ಮೂರಿಗೆ ಬರಬೇಕಾದರೆ ಊರೂರು ಸುತ್ತಿ, ಎಲ್ಲರ ಕಣ್ಣೀರು ಕುಡಿದು, ಸವೆದು ಬರಬೇಕು. ಹೋದ ವರ್ಷ ಬಂದ ಒಂದು ಸಿನಿಮಾದಲ್ಲಿ ಮದುವೆಯೇ ಹರಿದುಹೋಗಿತ್ತು. ಹುಡುಗ ಹುಡುಗಿ ನೋಡಿಕೊಂಡರು, ಮರುಗಳಿಗೆಗೆ ಮೂರು ಮಕ್ಕಳು.

ಇಲ್ಲಿ ಎಲ್ಲ ಎಂದಿನಂತೆ. ಹೊಸ ಮೆಷಿನ್ನು ಬಂದಿದೆ. ಅದರ ಸದ್ದಿಗೆ ಯಾರ ಮಾತು ಯಾರಿಗೂ ಕೇಳುವುದಿಲ್ಲವಂತೆ. ಈಗ ಫೋರ್‌ಮನ್ನಿಂದ ಹಿಡಿದು ಪೇಪರು ಮಡಚುವವರ ತನಕ ಎಲ್ಲರೂ ನನ್ನ ಹತ್ತಿರ ಬಂದು ಬಾಯಿ ನೋಡುವುದನ್ನು ಕಲಿಯುತ್ತಿದ್ದಾರೆ. ಇಷ್ಟು ದಿನ ಕಿವುಡಿ ಎನ್ನುತ್ತಿದ್ದವರು ಈಗ ಮೇಡಂ ಎನ್ನುತ್ತಿದ್ದಾರೆ. ನಗು ಬರುತ್ತದೆ.

ಗುಬ್ಬಿ ಚೆನ್ನಾಗಿದ್ದಾಳೆ. ದಿನಾ ನಿನ್ನನ್ನು ಕೇಳುತ್ತಾಳೆ. ಮಲಗುವಾಗ ನಿನ್ನ ಫೋಟೋಗೆ ಕೈ ಬೀಸುತ್ತಾಳೆ. ನಾನು ಮೊಳೆ ಜೋಡಿಸುವಾಗ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. ಅಚ್ಚಿನ ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದಲ್ಲ, ಹಾಗಾಗಿ ಮೊದಲು ಉಲ್ಟಾ ಓದುವುದನ್ನೇ ಕಲಿತಳು.

ನೀನು ಸೇತುವೆಯ ಮೇಲೆ ಏನು ಹೇಳಿದ್ದೀಯ ಎಂದು ನನಗೆ ಒಂದು ಊಹೆ ಇದೆ. ಮನೆ ಮಾಡಿದೆಯಾ? ಅಷ್ಟನ್ನಾದರೂ ಬರೆ.

ನೆಗಡಿಗೆ ಬಿಸಿನೀರು ಕುಡಿ. ಒದ್ದೆ ಬಟ್ಟೆಯಲ್ಲಿ ಕೂರಬೇಡ. ಇದನ್ನು ನಿನಗೆ ಹೇಳುವುದೂ ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ಅಕ್ಕ


ಏಪ್ರಿಲ್ 20, 1928

ಅಕ್ಕಾ,

ತಡವಾಯಿತು. ಬೈಯಬೇಡ.

ಹೊಸ ಮನೆಗೆ ಬಂದಿದ್ದೇನೆ. ವಿಳಾಸ ಕವರಿನ ಹಿಂದೆ ಬರೆದಿದ್ದೇನೆ. ಊರಿನ ಗಲಾಟೆಯಿಂದ ದೂರ, ಗುಡ್ಡದ ಮೇಲಿದೆ. ಉದ್ದ ವರಾಂಡ, ಆಳೆತ್ತರದ ಕಿಟಕಿಗಳು. ನನ್ನ ಮಂಚ ಒಂದು ಕಿಟಕಿಯ ಪಕ್ಕದಲ್ಲೇ ಇದೆ. ಬೆಳಿಗ್ಗೆ ಎಲ್ಲರೂ ಆರಾಮಕುರ್ಚಿ ಎಳೆದುಕೊಂಡು ಬಿಸಿಲಿಗೆ ಕೂರುತ್ತಾರೆ. ಬಿಳಿ ಬಟ್ಟೆಯ ಹೆಂಗಸರು ಹೊತ್ತು ಹೊತ್ತಿಗೆ ಹಾಲು, ಮೊಟ್ಟೆ ತಂದುಕೊಡುತ್ತಾರೆ. ತಟ್ಟೆ ಲೋಟ ತೊಳೆಯುವುದೂ ಅವರೇ. ನಾನು ಹುಲ್ಲುಕಡ್ಡಿ ಎತ್ತಿ ಆಚೆ ಇಡುವುದಿಲ್ಲ. ಗಂಟಲಿಗೆ ಒಳ್ಳೆಯದು, ಹೆಚ್ಚು ಮಾತಾಡಬೇಡಿ ಎಂದಿದ್ದಾರೆ. ನಾನೂ ಸುಮ್ಮನೇ ಇರುತ್ತೇನೆ.

ಸಿನಿಮಾ ಬಿಡುಗಡೆಯಾಯಿತು. ಮೊದಲ ದಿನ ನಾನು ಹೋಗಲಾಗಲಿಲ್ಲ. ಇನ್ನೂ ನೋಡಿಲ್ಲ. ಸೇತುವೆಯ ದೃಶ್ಯದಲ್ಲಿ ಪಿಟೀಲು ನುಡಿಸುವವರೇ ನಿಲ್ಲಿಸಿ ಮೂಗು ಒರೆಸಿಕೊಂಡರಂತೆ. ಡೈರೆಕ್ಟರ್ ಬಂದು ಹೇಳಿ, ಒಂದು ಬುಟ್ಟಿ ಹಣ್ಣು ಇಟ್ಟು, ಬಾಗಿಲ ಹತ್ತಿರವೇ ನಿಂತು ಹೋದರು. ಮುಂದಿನ ಸಿನಿಮಾಕ್ಕೆ ಬೇರೆ ಹುಡುಗಿಯನ್ನು ತೆಗೆದುಕೊಂಡಿದ್ದಾರೆ. ಒಳ್ಳೆಯ ಹುಡುಗಿ.

ಗುಬ್ಬಿ ದಿನಾ ನನ್ನನ್ನು ಕೇಳುತ್ತಾಳೆ ಎಂದು ನೀನು ಬರೆದಿದ್ದೆ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಕೇಳಿದಾಗ ನೀನು ಏನು ಹೇಳುತ್ತೀಯ?

ಒಂದು ಮಾತು. ಸಿನಿಮಾ ನೋಡಿದ ಮೇಲೆ ವಾದ ಹೂಡಿ ಕಾಗದ ಬರೆಯಬೇಡ. ಕಾಗದದಲ್ಲಿ ನಾವಿಬ್ಬರೂ ಜಗಳ ಶುರು ಮಾಡಿದರೆ ಮುಗಿಯುವುದಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡು. ನನಗಾಗಿ ಇಷ್ಟು ದಿನ ಎಷ್ಟೋ ಮಾಡಿದ್ದೀಯ, ಇದೊಂದು.

ನಿನ್ನ ತಂಗಿ


ಜೂನ್ 15, 1928

ತಂಗೀ,

ಮನೆಯ ವರ್ಣನೆ ಓದಿದೆ. ಸಂತೋಷ. ಆಳುಗಳಿಗೂ ಬಿಳಿ ಬಟ್ಟೆ ಕೊಡಿಸುವಷ್ಟು ದೊಡ್ಡವಳಾದೆ. ತೆರೆಯ ಮೇಲೆ ನಿನ್ನ ದನಿ ನರಪಿಳ್ಳೆಗೂ ಕೇಳುವುದಿಲ್ಲ, ಆದರೂ ಗಂಟಲು ಕಾಪಾಡಿಕೊಳ್ಳಬೇಕು ಎಂದು ಬರೆದಿದ್ದೀಯ. ನನ್ನಂಥವರ ಜೊತೆ ಮಾತಾಡಿ ಅದನ್ನು ಸವೆಸಬೇಡ. ಕೋಪದಲ್ಲಿ ಬರೆಯುತ್ತಿದ್ದೇನೆ, ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ನನ್ನ ಕೋಣೆಯಲ್ಲಿ ಒಂದೇ ಕಿಟಕಿ, ಅದೂ ಓಣಿಯ ಗೋಡೆಗೆ ಮುಖ ಮಾಡಿದೆ. ಶಾಯಿಯ, ಸೀಮೆಎಣ್ಣೆಯ ವಾಸನೆ ಹಾಸಿಗೆಗೂ ಹತ್ತಿದೆ. ಗುಬ್ಬಿಗೆ ಹೋದ ತಿಂಗಳು ಕೆಮ್ಮು ಬಂದಿತ್ತು, ಈಗ ಇಲ್ಲ. ಮುಂದಿನ ಎರಡು ಹಲ್ಲು ಬಿದ್ದಿವೆ. ತುಟಿಮಾತಿನಲ್ಲಿ ನಿನ್ನನ್ನೂ ಮೀರಿಸಿದ್ದಾಳೆ. ಬೀದಿಯ ಆಚೆ ಬದಿಯಲ್ಲಿ ಇಬ್ಬರು ಜಗಳವಾಡುತ್ತಿದ್ದರೆ ಇಲ್ಲಿಂದಲೇ ಓದಿ ನನಗೆ ಹೇಳುತ್ತಾಳೆ. ಹಲ್ಲಿಲ್ಲದ ಬಾಯಲ್ಲಿ ಅವಳು ಆಡುವುದು ನನಗೆ ಬಿಟ್ಟು ಇನ್ನಾರಿಗೂ ತಿಳಿಯಲಿಕ್ಕಿಲ್ಲ. ಕೆಟ್ಟ ಮಾತುಗಳನ್ನೂ ಕಲಿತಿದ್ದಾಳೆ, ಅದು ಬೇರೆ ಮಾತು.

ನಿನ್ನ ಸಿನಿಮಾದ ಹ್ಯಾಂಡ್‌ಬಿಲ್ಲು ಅಚ್ಚಿಗೆ ನಮ್ಮಲ್ಲಿಗೇ ಬಂತು. ಮೊಳೆ ಜೋಡಿಸಿದವಳು ನಾನೇ. "ಓ ಸಖೀ! ವಿಧಿಯು ನನ್ನನ್ನು ಕರೆಯುತ್ತಿದೆ. ಇಂದಿನಿಂದ ಇವಳು ನಿನ್ನ ಮಗಳು!" ಎಂದು ದಪ್ಪಕ್ಷರದಲ್ಲಿ ಹಾಕಬೇಕಂತೆ. ಅದು ನಾಲ್ಕನೆಯ ರೀಲಿನ ಕಾರ್ಡಿನಲ್ಲಿ ಬರುವ ಮಾತಂತೆ. ಇಂಥ ಮಾತನ್ನು ಬದುಕಿರುವ ಮನುಷ್ಯರು ಆಡುತ್ತಾರಾ? ಆಶ್ಚರ್ಯಚಿಹ್ನೆಯ ಮೊಳೆಗಳು ನಮ್ಮ ಪ್ರೆಸ್ಸಿನಲ್ಲಿ ಇಷ್ಟು ಇದ್ದವು ಎಂದೇ ನನಗೆ ಗೊತ್ತಿರಲಿಲ್ಲ. ಕಾರ್ಡು ಓದಬೇಡ ಎಂದು ನೀನು ಹೇಳಿದ್ದು ಸರಿಯೇ.

ಮುಂದಿನ ವಾರ ಇಲ್ಲಿ ಶುರು. ಗುಬ್ಬಿಯನ್ನು ಫೋರ್‌ಮನ್ ಮನೆಯಲ್ಲಿ ಬಿಟ್ಟು ನಾನೊಬ್ಬಳೇ ಹೋಗುತ್ತೇನೆ.

ಅಕ್ಕ


ಜುಲೈ 2, 1928

ತಂಗೀ,

ಈ ಕಾಗದವನ್ನು ನಿನಗೆ ಕೊಡುವವರು ನಮ್ಮ ಫೋರ್‌ಮನ್ ಹೆಂಡತಿ. ಅವರ ತಂಗಿಯ ಮನೆ ನಿನ್ನ ಗುಡ್ಡದ ಕೆಳಗಿನ ಊರಿನಲ್ಲಿದೆ. ಅವರ ಕೈ ಹಿಡಿದುಕೊಂಡು ನಿಂತಿರುವವಳು ಗುಬ್ಬಿ.

ಮಧ್ಯಾಹ್ನದ ಆಟಕ್ಕೆ ಹೋದೆ. ಕಾರ್ಡು ಬಂದಾಗಲೆಲ್ಲ ಒಬ್ಬ ಕೋಲು ಹಿಡಿದು, ಅದನ್ನು ತೋರಿಸುತ್ತ, ಓದಲು ಬಾರದವರಿಗಾಗಿ ಕೂಗಿ ಹೇಳುತ್ತಾನೆ. ಹಾರ್ಮೋನಿಯಂ ಪೆಟ್ಟಿಗೆ ನಮ್ಮ ಬೆಂಚಿಗೇ ತಾಗಿಕೊಂಡಿತ್ತು, ಅದರ ನಡುಕ ನನ್ನ ಬೆನ್ನಿಗೆ ಬರುತ್ತಿತ್ತು. ನಿನ್ನ ಹೀರೋ ಕಣ್ಣೀರು ತುಂಬಿಕೊಂಡು ಬೂಟಿನ ಮಾತು ಹೇಳಿದಾಗ ನಾನು ನಕ್ಕುಬಿಟ್ಟೆ. ಇಡೀ ಹಾಲ್ ತಿರುಗಿ ನನ್ನನ್ನು ನೋಡಿತು.

ಆಮೇಲೆ ಸೇತುವೆ ಬಂತು. ನೀನು ಬಹಳ ಸೊರಗಿದ್ದೀಯ. ಬಣ್ಣ ಎಂದುಕೊಂಡೆ. ಕೂಸನ್ನು ಎದೆಗವಚಿಕೊಂಡು ನೇರ ನನ್ನನ್ನೇ ನೋಡಿ ಹೇಳಿದೆ. "ಅಕ್ಕಾ, ಗುಬ್ಬಿ ನನ್ನ ಮಗಳು. ಮನೆ ಮಾಡಿದ ಮೇಲೆ ಬಂದು ಕರ್ಕೊಂಡು ಹೋಗ್ತೀನಿ ಅಂದಿದ್ದೆ." ಅಷ್ಟರಲ್ಲಿ ಆ ಹಾಳು ಕಾರ್ಡು ಬಂತು. ನಾನು ಕಣ್ಣು ಒರೆಸಿಕೊಂಡೆ. ಕಾರ್ಡು ಹೋದ ಮೇಲೆ ನೀನು "ನಿನ್ನ ಕಾಲಿಗೆ ಬೀಳ್ತೀನಿ ಅಕ್ಕಾ, ನಂಗೋಸ್ಕರ ಇಷ್ಟು ಮಾಡು" ಎಂದೆ. ಮರುದಿನ ಮತ್ತೆ ಹೋಗಿ ನೋಡಿದೆ. ಅದೇ ಮಾತು. ಎರಡನೆಯ ಸಲ ನೋಡಿದರೆ ಬೇರೆ ಏನಾದರೂ ಹೇಳುತ್ತೀಯೇನೋ ಎಂಬ ಆಸೆ ನನಗೆ.

ನೀನು ಕಾಲಿಗೆ ಬೀಳುವುದು ಯಾಕೆ? ಹೆತ್ತವಳು ನೀನು. ವಾದ ಹೂಡಬೇಡ ಎಂದಿದ್ದೆ, ಹೂಡುತ್ತಿಲ್ಲ. ನಿನ್ನ ಮನೆಯಲ್ಲಿ ಬಿಸಿಲಿದೆ, ಹಾಲಿದೆ, ನೋಡಿಕೊಳ್ಳಲು ಜನ ಇದ್ದಾರೆ. ನನ್ನ ಹತ್ತಿರ ಏನಿದೆ?

ಆದರೆ ಒಂದು ಸುಳ್ಳನ್ನು ಸರಿ ಮಾಡಬೇಕು. ಗುಬ್ಬಿ ದಿನಾ ನಿನ್ನನ್ನು ಕೇಳುತ್ತಾಳೆ ಎಂದು ಬರೆದೆನಲ್ಲ, ಅವಳು ಕೇಳುವುದಿಲ್ಲ. ಅವಳಿಗೆ ನಿನ್ನ ಮುಖದ ನೆನಪಿಲ್ಲ. ನನ್ನನ್ನು ಅಮ್ಮ ಎನ್ನುತ್ತಾಳೆ. ನಾನು ಹೇಳಿಕೊಡಲಿಲ್ಲ. ಒಂದು ದಿನ ಪ್ರೆಸ್ಸಿನ ಬಾಗಿಲಲ್ಲಿ ನಿಂತು ಬಾಯಿ ತೆರೆದು "ಅಮ್ಮಾ" ಅಂದಳು. ಹಾಗಲ್ಲ, ದೊಡ್ಡಮ್ಮ ಅನ್ನು ಎಂದು ತಿದ್ದಬೇಕಿತ್ತು. ತಿದ್ದಲಿಲ್ಲ. ಫೋಟೋದಲ್ಲಿರುವುದು ಚಿಕ್ಕಮ್ಮ ಎಂದು ಹೇಳಿದ್ದೇನೆ. ಈಗಲೂ ಚಿಕ್ಕಮ್ಮನ ಮನೆಗೆ ಹೋಗಿ ಬಾ ಎಂದೇ ಕಳಿಸುತ್ತಿದ್ದೇನೆ. ನಿಜ ನೀನೇ ಹೇಳು, ನನ್ನಿಂದಾಗುವುದಿಲ್ಲ. ನಾನೇ ಕರೆದುಕೊಂಡು ಬಂದರೆ ಬಂದ ರೈಲಿನಲ್ಲೇ ಅವಳನ್ನು ವಾಪಸ್ ತರುತ್ತೇನೆ ಎಂದು ಗೊತ್ತು. ಅದಕ್ಕೇ ಬರುತ್ತಿಲ್ಲ.

ಮಲಗುವಾಗ ಹೆಬ್ಬೆರಳು ಹಿಡಿದುಕೊಳ್ಳುತ್ತಾಳೆ. ಕೊಡು. ನನ್ನದರಲ್ಲಿ ಶಾಯಿ ಇರುತ್ತಿತ್ತು, ನಿನ್ನದು ಹೊಸದು, ಒಂದೆರಡು ದಿನ ಅಳಬಹುದು. ದನಿ ತೆಗೆದು ಅಳುವುದಿಲ್ಲ ಅವಳು, ಮುಖ ನೋಡುತ್ತಿರಬೇಕು.

ಅಕ್ಕ


ಜುಲೈ 6, 1928

ಅಕ್ಕಾ,

ಇದು ಮನೆಯಲ್ಲ. ಕ್ಷಯದ ಆಸ್ಪತ್ರೆ. ಬಿಳಿ ಬಟ್ಟೆಯವರು ನರ್ಸುಗಳು.

ಸೇತುವೆಯ ದೃಶ್ಯ ತೆಗೆಯುವ ಹಿಂದಿನ ವಾರವೇ ಡಾಕ್ಟರು ಹೇಳಿದ್ದರು. ಈಗ ಗಂಟಲಿಗೂ ಇಳಿದಿದೆ. ಉಸಿರಿನಷ್ಟು ದನಿಯೂ ಹೊರಡಿಸಬಾರದು ಎಂದು ಕಟ್ಟಪ್ಪಣೆ. ಏನು ಬೇಕಾದರೂ ಸ್ಲೇಟಿನ ಮೇಲೆ ಬರೆದು ತೋರಿಸಬೇಕು.

ಕಾರ್ಡು ಎಲ್ಲಿ ಬರುತ್ತದೆ ಎಂದು ನಟಿಸುವವರಿಗೆ ಗೊತ್ತಿರುವುದಿಲ್ಲ. ಅದನ್ನು ಆಮೇಲೆ ಎಡಿಟರ್ ಸೇರಿಸುತ್ತಾರೆ. ಬಾಯಿ ಆಡುತ್ತಿರುವ ಜಾಗವನ್ನು ಅರ್ಧಕ್ಕೆ ಕತ್ತರಿಸಿ, ಆ ಮಾತನ್ನು ಕಾರ್ಡಿನಲ್ಲಿ ತೋರಿಸಿ, ಕಡೆಯ ಚೂರಿಗೆ ಮತ್ತೆ ಮುಖಕ್ಕೆ ಬರುತ್ತಾರೆ. ನನ್ನ ಮಧ್ಯದ ಮಾತು ಯಾವ ಕಸದ ಬುಟ್ಟಿಗೆ ಹೋಯಿತೋ. ಕಾರ್ಡು ಓದಬೇಡ ಎಂದವಳು ನಾನೇ, ನಿನ್ನ ತಪ್ಪಿಲ್ಲ. ನಾನು ಹೇಳಿದ್ದು ಇದು: "ಅಕ್ಕಾ, ಗುಬ್ಬಿ ನನ್ನ ಮಗಳು. ಮನೆ ಮಾಡಿದ ಮೇಲೆ ಬಂದು ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಆಗಲ್ಲ. ನಂಗೆ ಎದೆ ರೋಗ ಬಂದಿದೆ. ಇವತ್ತಿಂದ ಅವಳು ನಿನ್ನ ಮಗಳು. ನಾನು ಹೆತ್ತಿದ್ದು ಅಂತ ಅವಳಿಗೆ ಯಾವತ್ತೂ ಹೇಳ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ ಅಕ್ಕಾ, ನಂಗೋಸ್ಕರ ಇಷ್ಟು ಮಾಡು."

ಕಾರ್ಡು ಬರೆಯುವ ಮೇಷ್ಟ್ರು ಆವತ್ತು ಬಂದು, "ಅಲ್ಲಿ ಏನಮ್ಮಾ ಅಂತಿದ್ರಿ?" ಎಂದು ಕೇಳಿದರು. ಯಾಕೋ ನಿಜ ಹೇಳಿದೆ. ಅವರು ತಮ್ಮ ಭಾಷೆಯಲ್ಲಿ ಓ ಸಖೀ, ವಿಧಿ ಎಂದು ಏನೇನೋ ಸೇರಿಸಿಕೊಂಡರು. ಆದರೆ ಕಡೆಯ ಮಾತು ನನ್ನದೇ. ನೀನು ಮೊಳೆ ಜೋಡಿಸಿದೆಯಲ್ಲ, ಅದೇ.

ಈಗ ನೀನು ಕಾಯುತ್ತಿರುವುದಕ್ಕೆ ಬರುತ್ತೇನೆ. ಫೋರ್‌ಮನ್ ಹೆಂಡತಿ ಗೇಟಿನಲ್ಲೇ ಬೋರ್ಡು ಓದಿ ಬೆಚ್ಚಿಬಿದ್ದರಂತೆ. ಗುಬ್ಬಿಯನ್ನು ಒಳಗೆ ಬಿಡಲಿಲ್ಲ. ಬಿಡಬಾರದು ಕೂಡ. ವರಾಂಡದಲ್ಲಿ, ನನ್ನ ಕಿಟಕಿಯ ಆಚೆ ನಿಲ್ಲಿಸಿದರು. ಗಾಜು ಮುಚ್ಚಿತ್ತು. ಕವಚಿ ಹಾಕಿದ ಬಕೆಟ್ಟಿನ ಮೇಲೆ ನಿಂತು ಮೂಗನ್ನು ಗಾಜಿಗೆ ಒತ್ತಿಕೊಂಡಳು. ನಾನು ಸ್ಲೇಟು ಹುಡುಕುತ್ತಿದ್ದೆ. ಅವಳು ಗಾಜು ತಟ್ಟಿ, ದನಿಯಿಲ್ಲದೆ, "ನೀವೇನಾ ಚಿಕ್ಕಮ್ಮ?" ಎಂದಳು.

ಮೂರು ತಿಂಗಳಿಂದ ನನ್ನ ಜೊತೆ ಯಾರೂ ಮಾತಾಡಿರಲಿಲ್ಲ ಅಕ್ಕಾ. ನಾನು ಬರೆದು ತೋರಿಸುತ್ತೇನೆ, ಅವರು ತಲೆಯಾಡಿಸುತ್ತಾರೆ, ಅಷ್ಟೇ. ಈ ಹಲ್ಲಿಲ್ಲದ ಬಾಯಿ ನನ್ನ ಜೊತೆ ಮಾತಾಡಿತು. ನಾನು ಬಾಯಿ ಆಡಿಸಿದರೆ ಅದಕ್ಕೆ ತಿಳಿಯಿತು. ಉಸಿರು ಖರ್ಚಾಗಲಿಲ್ಲ. ನರ್ಸುಗಳು ಸಾಲಾಗಿ ನಿಂತು ನೋಡಿದರು. ಇಷ್ಟೊಂದು ಜನ ಯಾಕೆ ಹಗಲಲ್ಲಿ ಮಲಗಿದ್ದಾರೆ ಎಂದು ಕೇಳಿದಳು. ಪ್ರೆಸ್ಸಿನ ಬೆಕ್ಕು ಮರಿ ಹಾಕಿದ ಸುದ್ದಿ ಹೇಳಿದಳು. ಮೊನ್ನೆಯಿಂದ ದಿನಾ ಬೆಳಿಗ್ಗೆ ಬರುತ್ತಿದ್ದಾಳೆ. ನೀನು ತಪ್ಪು ಮಾಡದೇ ಇದ್ದಿದ್ದರೆ ನನಗೆ ಇದು ಸಿಗುತ್ತಿರಲಿಲ್ಲ.

"ನೀವೇನಾ ಚಿಕ್ಕಮ್ಮ?" ಎಂದಾಗ ನಾನು ಹೌದು ಎಂದೆ.

"ಅಮ್ಮ ಯಾವಾಗ ಬಂದು ಕರ್ಕೊಂಡು ಹೋಗ್ತಾಳೆ?" ಎಂದಳು. ನಾಳೆ ನೀನೇ ಅಮ್ಮನ ಹತ್ತಿರ ಹೋಗುತ್ತೀಯ ಎಂದು ಇವತ್ತು ಹೇಳಿದೆ. ಬಕೆಟ್ಟಿನ ಮೇಲೆ ಕುಣಿದಳು. ಅದನ್ನು ನೋಡಿ ನನಗೆ ಸಮಾಧಾನವಾಯಿತು, ಅಷ್ಟೇ ಹೊಟ್ಟೆಯೂ ಉರಿಯಿತು. ಎರಡನ್ನೂ ಬರೆದಿದ್ದೇನೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಫೋರ್‌ಮನ್ ಹೆಂಡತಿಯ ಜೊತೆ ವಾಪಸ್ ಕಳಿಸುತ್ತಿದ್ದೇನೆ. ನಿಜವನ್ನು ನೀನು ಅವಳಿಗೆ ಹೇಳುವುದಿಲ್ಲ ಎಂದು ಮಾತು ಕೊಡು. ಸಾಯುವವಳನ್ನು ತಾಯಿ ಎಂದು ತೋರಿಸಿ, ಆಮೇಲೆ ಗುಬ್ಬಿಯನ್ನು ತಬ್ಬಲಿ ಮಾಡುವುದು ಬೇಡ. ಅವಳಿಗೆ ಅಮ್ಮ ಇದ್ದಾಳೆ, ಗಟ್ಟಿಯಾಗಿದ್ದಾಳೆ, ಬೈಯುತ್ತಾಳೆ.

ನಿನ್ನ ತಂಗಿ


ಸೆಪ್ಟೆಂಬರ್ 21, 1928

ತಂಗೀ,

ಜುಲೈನಲ್ಲಿ ನಾನು ಕಳಿಸಿದ್ದು ಒಂದೇ ಸಾಲು, ಮಾತು ಕೊಟ್ಟಿದ್ದೇನೆ ಎಂದು. ಅದಕ್ಕಿಂತ ಹೆಚ್ಚು ಬರೆಯಲು ಆಗಲಿಲ್ಲ. ಆಗಸ್ಟಿನಲ್ಲಿ ಬರೆದ ಎರಡು ಕಾಗದಕ್ಕೆ ನಿನ್ನಿಂದ ಉತ್ತರ ಬರಲಿಲ್ಲ. ನಿನಗೆ ಪೆನ್ನು ಹಿಡಿಯಲು ಆಗುತ್ತಿಲ್ಲ, ಕಣ್ಣು ಚೆನ್ನಾಗಿದೆ, ಎಲ್ಲ ತಿಳಿಯುತ್ತದೆ ಎಂದು ಮೊನ್ನೆ ನರ್ಸಮ್ಮ ಬರೆದರು. ನರ್ಸಮ್ಮನವರೇ, ಈ ಕಾಗದವನ್ನು ದಯವಿಟ್ಟು ಅವಳ ಕಣ್ಣಿನೆದುರು ಹಿಡಿಯಿರಿ. ನಿಧಾನವಾಗಿ ಓದಲಿ.

ಹ್ಯಾಂಡ್‌ಬಿಲ್ಲಿನ ಆ ಸಾಲನ್ನು ಒಂದೊಂದೇ ಮೊಳೆ ಎತ್ತಿ ನಾನೇ ಜೋಡಿಸಿದೆ. ಉಲ್ಟಾ ಓದಿ ಅಭ್ಯಾಸವಾದವಳಿಗೆ ನೆಟ್ಟಗಿದ್ದ ಮಾತು ಕಾಣಲಿಲ್ಲ. ನಕ್ಕೆ ಬೇರೆ. ಬಿಳಿ ಬಟ್ಟೆಯ ಆಳುಗಳು ಎಂದು ಬರೆದ ಕೈಯನ್ನು ಏನು ಮಾಡಲಿ ಹೇಳು. ಇಷ್ಟು ದಿನ ಇದನ್ನೇ ಯೋಚಿಸಿದೆ, ಸಾಕಾಯಿತು.

ಹೋದ ವಾರ ನಿನ್ನ ಸಿನಿಮಾ ಮತ್ತೆ ಬಂತು. "ಚಿಕ್ಕಮ್ಮನ ಸಿನಿಮಾ ನೋಡ್ಬೇಕು" ಎಂದು ಗುಬ್ಬಿ ಹಟ ಹಿಡಿದಳು. ನಾನು ಎರಡು ದಿನ ಬೇಡ ಎಂದೆ, ಮೂರನೆಯ ದಿನ ಕರೆದುಕೊಂಡು ಹೋದೆ. ಯೋಚನೆ ಮಾಡದೆ ಹೋದೆ ಎಂದರೆ ಸುಳ್ಳಾಗುತ್ತದೆ. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ತೋರಿಸುವುದಿಲ್ಲ ಎಂದಿರಲಿಲ್ಲ. ಬೈಯುವುದಿದ್ದರೆ ಬೈ.

ಹೀರೋನ ಬೂಟಿನ ಮಾತಿಗೆ ನಾವಿಬ್ಬರೂ ನಕ್ಕೆವು. ಆಮೇಲೆ ಸೇತುವೆ ಬಂತು. ನಾನು ತೆರೆ ನೋಡಲಿಲ್ಲ, ಇವಳ ಮುಖವನ್ನೇ ನೋಡುತ್ತ ಕೂತೆ. ಮೊದಲು ಅವಳ ಬಾಯಿ ನಿನ್ನ ಬಾಯಿಯ ಜೊತೆಗೇ ಆಡಿತು. ಆಮೇಲೆ ನಿಂತಿತು. ನನ್ನ ಕಡೆ ತಿರುಗಿ, "ಗುಬ್ಬಿ ನನ್ನ ಮಗಳು ಅಂದ್ರು ಚಿಕ್ಕಮ್ಮ" ಎಂದಳು. ನಾನು ಮತ್ತೆ ತೆರೆಯ ಕಡೆ ಕೈ ತೋರಿಸಿದೆ. ಕಾರ್ಡು ಬಂದಿತ್ತು. ಅವಳಿನ್ನೂ ನಿಧಾನವಾಗಿ ಓದುತ್ತಾಳೆ, ಅರ್ಧಕ್ಕೆ ಬರುವಷ್ಟರಲ್ಲಿ ಕೋಲು ಹಿಡಿದವನು ಕೂಗಿ ಮುಗಿಸಿರಬೇಕು. ಕೇಳಿಸಿಕೊಂಡು ನನಗೆ ಹೇಳಿದಳು. "ಇಂದಿನಿಂದ ಇವಳು ನಿನ್ನ ಮಗಳು, ಅಂತೆ."

ನನ್ನ ಹೆಬ್ಬೆರಳು ಹಿಡಿದುಕೊಂಡು ಕೂತಳು. ಐದನೆಯ ರೀಲಿನಲ್ಲಿ ನೀನು ಸತ್ತೆ. ಹೀರೋ ಓಡಿಬಂದ, ಎಲ್ಲರೂ ಕರ್ಚೀಫು ತೆಗೆದರು. ಇವಳು ಬೆಂಚಿನ ಮೇಲೆ ಎದ್ದು ನಿಂತುಬಿಟ್ಟಳು. ಹಾಲಿನ ಅಷ್ಟೂ ತಲೆಗಳು ನಮ್ಮ ಕಡೆ ತಿರುಗಿದ್ದನ್ನು ನೋಡಿ, ಇವಳು ದನಿ ತೆಗೆದು ಕೂಗುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಬಾಯಿ ನೋಡಿದೆ. "ಸುಳ್ಳು. ಅವರು ಸತ್ತಿಲ್ಲ. ಕಿಟಕಿ ಹತ್ರ ಇದ್ದಾರೆ." ಮತ್ತೆ ಮತ್ತೆ ಅದನ್ನೇ ಅಂದಳು. ಯಾರೂ ನಗಲಿಲ್ಲ.

ನಾನು ಒಂದು ಮಾತೂ ಹೇಳಿಲ್ಲ ತಂಗೀ, ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ಹೇಳಿದವಳು ನೀನೇ. ನನ್ನ ಮಗಳು ಎಂದು ನಿನ್ನ ಬಾಯಲ್ಲಿ ಹೇಳಿದೆ, ನಿನ್ನ ಮಗಳು ಎಂದು ಕಾರ್ಡಿನಲ್ಲಿ ಹೇಳಿದೆ. ಅವಳು ಎರಡನ್ನೂ ಇಟ್ಟುಕೊಂಡಳು. ಮನೆಗೆ ಬರುವ ದಾರಿಯಲ್ಲಿ ಕೇಳಿದಳು, "ಕಿಟಕಿ ಅಮ್ಮನ್ನ ನೋಡೋಕೆ ಯಾವಾಗ ಹೋಗೋಣ?" ನಾನು ತಿದ್ದಲಿಲ್ಲ. ಹಿಂದೆಯೂ ತಿದ್ದಲಿಲ್ಲ, ಈಗ ಯಾಕೆ ತಿದ್ದಲಿ?

ಮಂಗಳವಾರದ ರೈಲಿಗೆ ಇಬ್ಬರೂ ಬರುತ್ತಿದ್ದೇವೆ. ನೀನು ಏಳಬೇಡ, ಬಾಯಿಯನ್ನೂ ಆಡಿಸಬೇಡ. ದಿಂಬು ಎತ್ತರಿಸಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಮಲಗಿರು, ಅಷ್ಟು ಸಾಕು. ಅಲ್ಲಿಯ ತನಕ ಇರು. ಅವಳು ನಿನಗೆ ಹೇಳಬೇಕಾದ ಆ ಒಂದು ಮಾತನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಾಳೆ. ಹೊಸ ಹಲ್ಲು ಬರುತ್ತಿವೆ, ಈಗ ಮಾತು ಸ್ಪಷ್ಟವಾಗಿ ಕಾಣುತ್ತದೆ. ನಡುವೆ ಯಾವ ಕಾರ್ಡೂ ಬರುವುದಿಲ್ಲ. ನೀನು ಅವಳ ಬಾಯಿ ನೋಡು.

ಅಕ್ಕ